ಸೃಷ್ಟಿಕರ್ತನಿಗೆ ಒಂದು ಸಹಿ

ಕಳೆದ ತಿಂಗಳು ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರು ಯುವಕರು ನನ್ನ ಕೈಗೆ ಒಂದು ಕರಪತ್ರ ಕೊಟ್ಟರು. ಆಗಷ್ಟೇ ಅಚ್ಚಿನಿಂದ ಬಂದದ್ದಿರಬೇಕು, ಮಸಿಯ ವಾಸನೆ ಇನ್ನೂ ಹೋಗಿರಲಿಲ್ಲ. ಮೇಲೆ ದಪ್ಪ ಅಕ್ಷರಗಳಲ್ಲಿ ‘ಸೃಷ್ಟಿಕರ್ತನಿದ್ದಾನೆ: ಆಧುನಿಕ ವಿಜ್ಞಾನವೇ ಸಾಕ್ಷಿ’ ಎಂದಿತ್ತು. ಹಿಂಬದಿಯಲ್ಲಿ ಒಂದು ಟ್ಯೂಷನ್ ಕ್ಲಾಸಿನ ಜಾಹೀರಾತು. ಅಲ್ಲಿ ಭೌತಶಾಸ್ತ್ರಕ್ಕೆ ನೂರಕ್ಕೆ ನೂರು ಖಾತರಿ ಕೊಟ್ಟಿದ್ದರು. ಕಾಗದದ ಎರಡೂ ಬದಿಯವರಿಗೆ ತಮ್ಮ ಸರಕಿನ ಬಗ್ಗೆ ಒಂದೇ ಪ್ರಮಾಣದ ಭರವಸೆ. “ಓದಿ ಅಜ್ಜ, ಬಸ್ಸು ಬರ್ಲಿಕ್ಕೆ ಟೈಮ್ ಉಂಟಲ್ಲ” ಎಂದ ಒಬ್ಬ. ಓದಿದೆ. ಸಾಕ್ಷಿಗಳ ಪಟ್ಟಿಯಲ್ಲಿ ಪರಮಾಣು ಇತ್ತು, ನಕ್ಷತ್ರ ಇತ್ತು, ಮನುಷ್ಯನ ಕಣ್ಣೂ ಇತ್ತು. ವಿಜ್ಞಾನಿ ಮಾತ್ರ ಒಬ್ಬನೂ ಇರಲಿಲ್ಲ.

ಮಸಿಯ ವಾಸನೆಯಿಂದ ನನ್ನಂಥ ಹಳೆಯ ಪತ್ರಕರ್ತನಿಗೆ ಉಲ್ಲಾಸವಾಗಬೇಕು. ನನಗೆ ನೆನಪಾದವರು ಲೋಕಯ್ಯ ಮಾಸ್ಟ್ರು. ಅದು ಉಲ್ಲಾಸದ ನೆನಪಲ್ಲ.

ರಷ್ಯದವರು ಮೊದಲ ಉಪಗ್ರಹವೆಂದು ಲೋಹದ ಚೆಂಡೊಂದನ್ನು ಆಕಾಶಕ್ಕೆ ಹಾರಿಸಿದ ಮರುವರ್ಷದ ಮಾತು. ನಾನಾಗ ಮಂಗಳೂರಿನ ಒಂದು ದಿನಪತ್ರಿಕೆಗೆ ಬಂಟ್ವಾಳದ ಬಾತ್ಮೀದಾರ. ವಯಸ್ಸು ಇಪ್ಪತ್ತೆರಡು. ನೇತ್ರಾವತಿಯ ನೀರು ಪೇಟೆಯೊಳಗೆ ಎಲ್ಲಿಯವರೆಗೆ ಬಂತು, ತಹಶೀಲ್ದಾರರು ಯಾವ ಸೇತುವೆಯನ್ನು ನೋಡಿ ಹೋದರು, ಇಂಥವನ್ನೆಲ್ಲ ಬರೆದು, ಕವರಿಗೆ ಹಾಕಿ, ಮಂಗಳೂರಿಗೆ ಹೋಗುವ ಸಂಜೆಯ ಬಸ್ಸಿನ ಕಂಡಕ್ಟರರ ಕೈಗೆ ಕೊಡುವುದು ನನ್ನ ಕೆಲಸ. ಲೋಕದಲ್ಲಿ ಏನೇ ನಡೆಯಲಿ, ಆ ಬಸ್ಸು ಹೊರಡುವುದರೊಳಗೆ ನಡೆದು ಮುಗಿಯಬೇಕು. ಆಮೇಲೆ ನಡೆದದ್ದು ಸುದ್ದಿಯಲ್ಲ. ಯಾರು, ಎಲ್ಲಿ, ಯಾವಾಗ, ಏನು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆದರೆ ಸತ್ಯ ಸಿಕ್ಕಿತು ಎಂದು ನನಗೆ ಯಾರೋ ಕಲಿಸಿದ್ದರು. ನಾನೂ ಕಲಿತಿದ್ದೆ.

ಲೋಕಯ್ಯ ಮಾಸ್ಟ್ರು ನರಿಕೊಂಬಿನವರು. ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ದಾರಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಶಾಲೆಯ ಹೆಸರು ಬೇಡ. ಅಲ್ಲಿ ಪ್ರಯೋಗಾಲಯವೆಂದರೆ ಒಂದು ಕಪಾಟು. ಔಷಧದ ಖಾಲಿ ಬಾಟಲಿ, ಸೈಕಲ್ ಟ್ಯೂಬು, ಒಡೆದ ಥರ್ಮಾಮೀಟರು ಎಲ್ಲವನ್ನೂ ಮೂರು ವರ್ಷ ಕೂಡಿಸಿ ಅದನ್ನು ತುಂಬಿಸಿದವರು ಅವರು. ಕೆಲಸ ಖಾಯಂ ಆಗಲು ಎರಡು ತಿಂಗಳು ಬಾಕಿ ಇತ್ತು. ದಿನಾ ಬೆಳಿಗ್ಗೆ ಹೊಳೆಯಲ್ಲಿ ಮಿಂದು, ದೇವಸ್ಥಾನಕ್ಕೆ ಸುತ್ತು ಹಾಕಿ, ಹಣೆಗೆ ಗಂಧ ಹಚ್ಚಿಕೊಂಡೇ ಶಾಲೆಗೆ ಬರುವ ಮನುಷ್ಯ. ಇದನ್ನು ಇಲ್ಲೇ ದಾಖಲಿಸುತ್ತೇನೆ, ಮುಂದೆ ಬೇಕಾಗುತ್ತದೆ.

ಬಂಟ್ವಾಳದ ವಾಚನಾಲಯದವರು ಅವರಿಂದ ‘ಭೂಮಿ ಹೇಗೆ ಹುಟ್ಟಿತು’ ಎಂಬ ಭಾಷಣ ಇಟ್ಟುಕೊಂಡಿದ್ದರು. ರಷ್ಯದ ಚೆಂಡಿನ ದೆಸೆಯಿಂದ ಆಗ ಎಲ್ಲರಿಗೂ ಆಕಾಶದ ಹುಚ್ಚು. ಮಾಸ್ಟ್ರು ಅನಿಲದ ಮೋಡ, ಅದರ ಸುತ್ತಾಟ, ತಣ್ಣಗಾಗುವುದು ಎಲ್ಲ ಹೇಳಿದರು. ಕೊನೆಗೆ ಮುಂದಿನ ಸಾಲಿನಿಂದ ಒಬ್ಬರು ಕೇಳಿದರು: “ಅಲ್ಲ ಮಾಸ್ಟ್ರೇ, ಇದರಲ್ಲಿ ದೇವರು ಎಲ್ಲಿ ಬಂದ?”

ಮಾಸ್ಟ್ರು ಹೇಳಿದರು: “ಈ ಲೆಕ್ಕದಲ್ಲಿ ಸೃಷ್ಟಿಕರ್ತ ಬರುವುದಿಲ್ಲ. ಬರುವುದಿಲ್ಲ ಅಂದ್ರೆ ಇಲ್ಲ ಅಂತ ಅಲ್ಲ. ತಕ್ಕಡಿಯಲ್ಲಿ ಅಕ್ಕಿ ತೂಗಬಹುದು, ಹಾಡು ತೂಗ್ಲಿಕ್ಕೆ ಆಗ್ತದಾ? ಹಾಡು ಇಲ್ಲ ಅಂತ ತಕ್ಕಡಿ ಹೇಳಿದ ಹಾಗೆ ಆಯಿತಾ? ನಾನಂತೂ ಅವನು ಇದ್ದಾನೆ ಅಂತ ನಂಬಿದವ.”

ಒಳ್ಳೆಯ ಮಾತು. ನನ್ನ ಪುಸ್ತಕದಲ್ಲಿ ಪೂರ್ತಿ ಬರೆದುಕೊಂಡೆ. ಆದರೆ ವರದಿಯನ್ನು ಬಸ್ಸಿನ ಮೆಟ್ಟಿಲಿನ ಹತ್ತಿರ ನಿಂತು ಬರೆಯುತ್ತಿದ್ದಾಗ ಡ್ರೈವರು ಹಾರ್ನ್ ಒತ್ತಿದ. ಮಾಸ್ಟ್ರ ಮಾತಿನ ಮೊದಲ ವಾಕ್ಯ ಕಾಗದಕ್ಕೆ ಇಳಿದಿತ್ತು. ಪೂರ್ಣವಿರಾಮ ಹಾಕಿ ಕವರು ಕೊಟ್ಟೆ. ಮಂಗಳೂರಿನಲ್ಲಿ ಅದಕ್ಕೆ ಶೀರ್ಷಿಕೆ ಕೊಟ್ಟರು: ‘ಸೃಷ್ಟಿಕರ್ತನಿಲ್ಲ – ವಿಜ್ಞಾನ ಶಿಕ್ಷಕರ ಹೇಳಿಕೆ’. ನಾನು ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಇಡೀ ಸುದ್ದಿಯೇ ಸುಳ್ಳಾಗಿತ್ತು.

ಮರುದಿನ ಪೇಟೆಯ ಹೋಟೆಲಿನಲ್ಲಿ ದೇವರ ಬಗ್ಗೆ ಎಂದೂ ಯೋಚಿಸದವರೆಲ್ಲ ದೇವರ ಕಡೆ ನಿಂತಿದ್ದರು. ಎದುರು ಕಡೆಯಲ್ಲೂ ಒಬ್ಬ ಇದ್ದ, ಬೀಡಿ ಕಂಪೆನಿಯ ಲೆಕ್ಕ ಬರೆಯುವ ರೈಟರು. ಅವನು ಮಾಸ್ಟ್ರ ಕೈ ಹಿಡಿದು ಕುಲುಕಿ, “ಭಲೇ ಮಾಸ್ಟ್ರೇ, ಒಂದೇ ಏಟಿಗೆ ದೇವರನ್ನು ಮಲಗಿಸಿಬಿಟ್ರಿ” ಎಂದ.

“ನಾನು ಯಾರಿಗೂ ಹೊಡೀಲಿಲ್ಲ ಮಾರಾಯಾ, ಕೈ ಬಿಡು” ಎಂದು ಮಾಸ್ಟ್ರು ನನ್ನ ಮೇಜಿಗೆ ಬಂದು ಕೂತರು. “ಎಂತ ಮಾರಾಯ್ರೇ, ನನ್ನ ಉಳಿದ ಮಾತು ಎಲ್ಲಿ ಹೋಯ್ತು?”

“ಬಸ್ಸು ಹೊರಟಿತ್ತು” ಎಂದೆ.

“ಹೌದಾ” ಎಂದರು ಅವರು. ಅಷ್ಟೆ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ತಿದ್ದುಪಡಿ ಹಾಕಿ ಎಂದು ಪತ್ರಿಕೆಗೆ ಬರೆದೆ. ಉಪಸಂಪಾದಕರಿಂದ ಕಾರ್ಡು ಬಂತು: ‘ಅವರು ಆ ವಾಕ್ಯ ಹೇಳಿದ್ದು ಹೌದೋ ಅಲ್ಲವೋ?’ ಹೌದು ಎಂದು ಬರೆದೆ. ‘ಹಾಗಾದರೆ ತಿದ್ದಲು ಏನಿದೆ?’ ಎಂದು ಇನ್ನೊಂದು ಕಾರ್ಡು ಬಂತು. ನಾನು ಸುಮ್ಮನಾದೆ. ಸುಮ್ಮನಾಗುವುದನ್ನು ಆ ವಯಸ್ಸಿನಲ್ಲಿ ನಾನು ಶಿಸ್ತು ಎಂದು ಕರೆಯುತ್ತಿದ್ದೆ.

ಶಾಲೆಯ ಆಡಳಿತ ಸಮಿತಿಯ ಅಧ್ಯಕ್ಷರಿಗೆ ಬಂಟ್ವಾಳದಲ್ಲಿ ಅಕ್ಕಿಯ ಮಿಲ್ಲು ಇತ್ತು. ವಿಜ್ಞಾನಕ್ಕೂ ದೇವರಿಗೂ ಅವರಷ್ಟು ಚೆನ್ನಾಗಿ ಕೆಲಸ ಹಂಚಿಕೊಟ್ಟವರನ್ನು ನಾನು ಕಂಡಿಲ್ಲ. ಮಿಲ್ಲಿನ ಮೋಟಾರು ಕೆಟ್ಟರೆ ಮಂಗಳೂರಿನಿಂದ ಮೆಕ್ಯಾನಿಕ್ ಬರಬೇಕು. ಸರಿಯಾದ ಮೇಲೆ ಭಟ್ಟರು ಬಂದು ಪೂಜೆ ಮಾಡಬೇಕು. ಮೋಟಾರು ಕೆಟ್ಟಾಗ ಭಟ್ಟರನ್ನು ಅವರು ಒಮ್ಮೆಯೂ ಕರೆಸಿದ್ದಿಲ್ಲ. ಆದರೆ ಶಾಲೆಯಲ್ಲಿ ಸೃಷ್ಟಿಕರ್ತನಿಗೆ ಅವಮಾನವಾದದ್ದನ್ನು ಅವರಿಗೆ ಸಹಿಸಲಾಗಲಿಲ್ಲ. ಮಾಸ್ಟ್ರನ್ನು ತೆಗೆಯಬೇಕು ಎಂದರು.

ಸಮಿತಿಯ ಕಾರ್ಯದರ್ಶಿ ವಕೀಲರು. ಅವರು ತೆಗೆಯುವುದು ಬೇಡ, ಬರೆಸಿಕೊಳ್ಳುವ ಎಂದರು. ಅವರೇ ಕೂತು ಒಂದು ಹೇಳಿಕೆ ತಯಾರಿಸಿದರು: ‘ಈ ಜಗತ್ತನ್ನು ಸೃಷ್ಟಿಕರ್ತನು ನಿರ್ಮಿಸಿದನೆಂದು ನಾವು ನಂಬುತ್ತೇವೆ ಮತ್ತು ಆಧುನಿಕ ವಿಜ್ಞಾನವು ಇದನ್ನು ಸಾಬೀತುಪಡಿಸಿದೆ.’ ಮಾಸ್ಟ್ರೊಬ್ಬರನ್ನೇ ಗುರಿ ಮಾಡಿದಂತೆ ಕಾಣಬಾರದೆಂದು ಸಮಿತಿಯ ಎಲ್ಲ ಸದಸ್ಯರೂ, ಎಲ್ಲ ಶಿಕ್ಷಕರೂ ಸಹಿ ಹಾಕುವುದು ಎಂದಾಯಿತು. ಮೊದಲ ಸಹಿಯ ಗೌರವ ಮೂಡುಬಿದಿರೆಯ ಧರಣಪ್ಪ ಅಧಿಕಾರಿಗಳಿಗೆ.

ಧರಣಪ್ಪ ಅಧಿಕಾರಿಗಳು ಜೈನರು, ಸಮಿತಿಯ ಹಿರಿಯ ಸದಸ್ಯರು. ಅಧಿಕಾರಿ ಎನ್ನುವುದು ಅವರ ಮನೆತನದ ಹೆಸರು, ಹುದ್ದೆಯಲ್ಲ. ಶಾಲೆ ನಿಂತ ಜಾಗ ಅವರ ತಂದೆ ದಾನ ಕೊಟ್ಟದ್ದು. ಇಡೀ ಸೀಮೆಯಲ್ಲಿ ಅವರಷ್ಟು ನೇಮನಿಷ್ಠೆಯವರಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸದೆ ಕುಡಿಯುವವರಲ್ಲ. ಗೆಡ್ಡೆ ಗೆಣಸು ಮುಟ್ಟುವವರಲ್ಲ. ಬೆಳಿಗ್ಗೆ ಬಸದಿಗೆ ಹೋಗದೆ ಬಾಯಿಗೆ ಏನೂ ಹಾಕುವುದಿಲ್ಲ. ಸೂರ್ಯ ಮುಳುಗಿದ ಮೇಲೆ ಊಟವಿಲ್ಲ. ದೇವರ ಪರವಾಗಿ ಮೊದಲ ಸಹಿ ಹಾಕಲು ಇಂಥವರಲ್ಲದೆ ಇನ್ಯಾರು ಎಂದು ಎಲ್ಲರಿಗೂ ಅನಿಸಿತು. ನನಗೂ ಅನಿಸಿತ್ತು.

ಸಭೆ ಹೆಡ್‌ಮಾಸ್ಟರರ ಕೋಣೆಯಲ್ಲಿ, ಸಂಜೆ ನಾಲ್ಕಕ್ಕೆ. ಸುದ್ದಿ ಪತ್ರಿಕೆಯಲ್ಲಿ ಬರಬೇಕೆಂದು ಅಧ್ಯಕ್ಷರು ನನ್ನನ್ನೂ ಕರೆಸಿದ್ದರು. ಮನೆಯಲ್ಲಿ, ಮಿಲ್ಲಿನಲ್ಲಿ, ಕೋರ್ಟಿನ ಜಗಲಿಯಲ್ಲಿ ತುಳುವಿನಲ್ಲೇ ಮಾತಾಡುವ ಅವರೆಲ್ಲ ಸಭೆಯೆಂಬ ಕಾರಣಕ್ಕೆ ಕನ್ನಡದಲ್ಲಿ ಮಾತಾಡಿದರು. ಸೃಷ್ಟಿಕರ್ತನನ್ನು ಕನ್ನಡದಲ್ಲಿ ರಕ್ಷಿಸುವುದು ಅಧ್ಯಕ್ಷರಿಗೆ ಸ್ವಲ್ಪ ತ್ರಾಸದ ಕೆಲಸವೇ ಆಗಿತ್ತು.

ವಕೀಲರು ಹೇಳಿಕೆ ಓದಿದರು. ಲೋಕಯ್ಯ ಮಾಸ್ಟ್ರು ಎದ್ದು ನಿಂತರು. “ಮೊದಲಿನ ಅರ್ಧಕ್ಕೆ ಈಗಲೇ ಸಹಿ ಹಾಕ್ತೇನೆ. ಅದು ನನ್ನ ನಂಬಿಕೆ. ಎರಡನೆಯ ಅರ್ಧಕ್ಕೆ ಹಾಕ್ಲಿಕ್ಕೆ ಆಗುವುದಿಲ್ಲ. ಸಾಬೀತು ಆಗಲಿಲ್ಲ.”

“ಸೃಷ್ಟಿಕರ್ತ ಇರುವುದು ಹೌದು ಅಂತಾದ್ರೆ ನಿಮ್ಮ ವಿಜ್ಞಾನಕ್ಕೆ ಒಪ್ಪಲಿಕ್ಕೆ ಎಂತ ದಾಡಿ?” ಎಂದರು ಅಧ್ಯಕ್ಷರು.

“ದಾಡಿ ಎಂತದೂ ಇಲ್ಲ. ಹೇಗೆ ಸಾಬೀತಾಯ್ತು ಅಂತ ನಾಳೆ ಮಕ್ಕಳು ಕೇಳಿದ್ರೆ ನಾನು ಯಾವ ಪ್ರಯೋಗ ಮಾಡಿ ತೋರಿಸುವುದು?”

“ಮಕ್ಕಳು ಕೇಳುವುದಿಲ್ಲ.”

“ಕೇಳ್ಬೇಕು ಅಂತಲೇ ನಾನು ಮೂರು ವರ್ಷದಿಂದ ಕಲಿಸುವುದು ಅಧ್ಯಕ್ಷರೇ.”

ವಕೀಲರು ಮಾತು ತಿರುಗಿಸಿ, “ಅದು ಮತ್ತೆ ನೋಡುವ. ಅಧಿಕಾರಿಗಳು ಮೊದಲು ಹಾಕಲಿ” ಎಂದು ಪೆನ್ನಿನ ಮುಚ್ಚಳ ತೆಗೆದು ಕೊಟ್ಟರು.

ಅಧಿಕಾರಿಗಳು ಕನ್ನಡಕ ಹಾಕಿ ಹೇಳಿಕೆಯನ್ನು ಎರಡು ಸಲ ಓದಿದರು. ಮತ್ತೆ ಕಾಗದ ಕೆಳಗಿಟ್ಟು, ಬಹಳ ಸಂಕೋಚದಿಂದ, “ನನಗೆ ಎರಡನೆಯ ಅರ್ಧ ಗೊತ್ತಿಲ್ಲ, ನಾನು ವಿಜ್ಞಾನ ಓದಿದವನಲ್ಲ. ತೊಂದರೆ ಇರುವುದು ಮೊದಲಿನ ಅರ್ಧದಲ್ಲಿ” ಎಂದರು.

“ಮೊದಲಿನದ್ದರಲ್ಲಿ ಎಂತ ತೊಂದರೆ?”

“ನಮ್ಮಲ್ಲಿ ಸೃಷ್ಟಿಕರ್ತ ಇಲ್ಲವಲ್ಲ.”

ಅಧ್ಯಕ್ಷರು ಕನ್ನಡ ಬಿಟ್ಟು ತುಳುವಿನಲ್ಲಿ ಏನೋ ಹೇಳಹೊರಟು, ಮತ್ತೆ ಕನ್ನಡಕ್ಕೆ ಬಂದರು. “ಹಾಗಾದ್ರೆ ದಿನಾ ಬಸದಿಯಲ್ಲಿ ನೀವು ಪೂಜೆ ಮಾಡುವುದು ಯಾರಿಗೆ?”

“ತೀರ್ಥಂಕರರಿಗೆ. ಅವರು ಲೋಕವನ್ನು ಮಾಡಿದವರಲ್ಲ. ಗೆದ್ದು ದಾಟಿ ಹೋದವರು.”

“ಮತ್ತೆ ಲೋಕವನ್ನು ಮಾಡಿದ್ದು ಯಾರು?”

“ಯಾರೂ ಮಾಡಲಿಲ್ಲ. ಮೊದಲೂ ಇತ್ತು, ಈಗಲೂ ಉಂಟು, ಮುಂದೆಯೂ ಇರ್ತದೆ.”

“ಇಷ್ಟು ವರ್ಷ ಒಟ್ಟಿಗೆ ಕೂತು ಒಂದು ದಿನ ಹೇಳಲಿಲ್ಲವಲ್ಲ ನೀವು!”

“ನೀವು ಯಾರೂ ಕೇಳಲಿಲ್ಲ” ಎಂದರು ಅಧಿಕಾರಿಗಳು.

ಅದು ನಿಜ. ಬಸದಿಯ ದೀಪೋತ್ಸವಕ್ಕೆ ನಾವೆಲ್ಲ ಹೋಗುತ್ತಿದ್ದೆವು, ಸಾವಿರ ಎನ್ನುವ ಅದರ ಕಂಬಗಳನ್ನು ಎಣಿಸಲು ನೋಡುತ್ತಿದ್ದೆವು, ಅವರ ಮನೆಯ ಮದುವೆಯಲ್ಲಿ ಉಂಡು ಬರುತ್ತಿದ್ದೆವು. ಇಷ್ಟು ಭಕ್ತಿ ಇದೆಯೆಂದ ಮೇಲೆ ನಮ್ಮ ಲೆಕ್ಕದ ದೇವರೇ ಇರಬೇಕು ಎಂದುಕೊಂಡಿದ್ದೆವು. ನೂರಾರು ವರ್ಷಗಳಿಂದ ಪಕ್ಕದಲ್ಲೇ ಇರುವವರ ನಂಬಿಕೆಯನ್ನು ವಿಚಾರಿಸದೆ ಇರುವುದನ್ನು ನಮ್ಮ ಕಡೆ ಸೌಹಾರ್ದ ಎನ್ನುತ್ತಾರೆ.

ಅಧಿಕಾರಿಗಳು ಮುಂದುವರಿದರು: “ಈ ಕಾಗದಕ್ಕೆ ಸಹಿ ಹಾಕದವರು ಶಾಲೆಗೆ ಬೇಡ ಅಂತಾದ್ರೆ ಮೊದಲು ನಾನು ಹೋಗಬೇಕು. ಮಾಸ್ಟ್ರು ಅರ್ಧಕ್ಕಾದರೂ ಒಪ್ಪಿದ್ದಾರೆ.”

ಒಂದು ಕ್ಷಣ ಎಲ್ಲ ಮುಗಿಯಿತು ಎನಿಸಿತು. ಮಾಸ್ಟ್ರ ಮುಖದಲ್ಲಿ ನಗು ಕಾಣಿಸಿತು. ವಕೀಲರು “ಛೆ, ಛೆ, ಈ ವಿಷಯ ಇನ್ನೊಮ್ಮೆ ನೋಡುವ” ಎಂದರು. ಅಷ್ಟರಲ್ಲಿ ರಸ್ತೆಯಲ್ಲಿ ಮೂಡುಬಿದಿರೆಯ ಬಸ್ಸು ಬಂದು ನಿಂತಿತು. ಅದು ತಪ್ಪಿದರೆ ಅಧಿಕಾರಿಗಳು ಸೂರ್ಯ ಮುಳುಗುವ ಮೊದಲು ಮನೆ ಸೇರುವುದಿಲ್ಲ, ಆ ದಿನ ಉಪವಾಸ. ವಿಷಯ ಮುಂದಕ್ಕೆ ಹೋಯಿತು ಎಂದೇ ತಿಳಿದು ಅವರು ಎಲ್ಲರಿಗೂ ಕೈಮುಗಿದು ಹೊರಟರು.

ಬಸ್ಸು ತಿರುವು ದಾಟಿದ ಮೇಲೆ ವಕೀಲರಿಗೆ ದಾರಿ ಹೊಳೆಯಿತು. ಸಮಿತಿಯವರಿಗೆ ಸಹಿಯಿಂದ ವಿನಾಯಿತಿ, ಶಿಕ್ಷಕರಿಗೆ ಮಾತ್ರ ಕಡ್ಡಾಯ. ಜಾಗ ಕೊಟ್ಟವರನ್ನು ತೆಗೆಯುವಂತಿಲ್ಲ. ಕಪಾಟು ತುಂಬಿಸಿದವರನ್ನು ತೆಗೆಯಬಹುದು.

ಆಗ ಮಾಸ್ಟ್ರು ನನ್ನ ಕಡೆ ತಿರುಗಿದರು. “ಆ ದಿನ ಇವರು ವಾಚನಾಲಯದಲ್ಲಿ ಇದ್ದರು. ನಾನು ಪೂರ್ತಿ ಎಂತ ಹೇಳಿದೆ ಅಂತ ಇವರೇ ಹೇಳಲಿ. ಮತ್ತೆ ನೀವು ಹೇಳಿದ ಹಾಗೆ.”

ಎಲ್ಲರೂ ನನ್ನನ್ನು ನೋಡಿದರು. ಆ ಮಾತು ಬರೆದುಕೊಂಡ ಪುಸ್ತಕ ನನ್ನ ತೊಡೆಯ ಮೇಲೇ ಇತ್ತು. ನಾನು ಹೇಳಿದೆ: “ವರದಿಗಾರರು ಸಭೆಯಲ್ಲಿ ಮಾತಾಡುವ ಕ್ರಮ ಇಲ್ಲ.”

“ಅದೂ ಸರಿಯೇ” ಎಂದರು ಅಧ್ಯಕ್ಷರು, ಬಹಳ ಮೆಚ್ಚುಗೆಯಿಂದ.

ಮಾಸ್ಟ್ರು ಕಪಾಟಿನ ಬೀಗದ ಕೈಯನ್ನು ಜೇಬಿನಿಂದ ತೆಗೆದು ಹೆಡ್‌ಮಾಸ್ಟರರ ಮೇಜಿನ ಮೇಲಿಟ್ಟು ಹೋದರು. ‘ಶಾಲಾ ಸಮಿತಿಯ ಸಭೆಯು ಸೌಹಾರ್ದಯುತವಾಗಿ ನಡೆಯಿತು’ ಎಂದು ನಾನು ಬರೆದೆ. ಆ ದಿನ ಬಸ್ಸಿಗೆ ಇನ್ನೂ ಅರ್ಧ ಗಂಟೆ ಇತ್ತು.

ಹೀಗೆ ಸೃಷ್ಟಿಕರ್ತನನ್ನು ನಂಬಿದವರು ಕೆಲಸ ಕಳೆದುಕೊಂಡರು, ನಂಬದವರು ಸಮಿತಿಯಲ್ಲಿ ಉಳಿದರು. ಎಲ್ಲವೂ ಸೃಷ್ಟಿಕರ್ತನ ಮಾನ ಉಳಿಸುವುದಕ್ಕಾಗಿ. ಅಧಿಕಾರಿಗಳಿಗೆ ಗೊತ್ತಾದಾಗ ರಾಜೀನಾಮೆ ಬರೆದು ಕಳಿಸಿದರು. ಅಧ್ಯಕ್ಷರು ಹಣ್ಣು ಹಿಡಿದುಕೊಂಡು ಹೋಗಿ ಅದನ್ನು ವಾಪಸು ತೆಗೆಸಿದರು. ಆದರೂ ಅಧಿಕಾರಿಗಳು ಬೆಳ್ತಂಗಡಿ ಕಡೆಯ ತಮ್ಮ ನೆಂಟರಿಗೆ ಹೇಳಿ ಮಾಸ್ಟ್ರಿಗೆ ಅಲ್ಲಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಕೆಲಸ ಕೊಡಿಸಿದರು. ಹೈಸ್ಕೂಲಿನಲ್ಲಿ ವಿಜ್ಞಾನವನ್ನು ಡ್ರಾಯಿಂಗ್ ಮಾಸ್ಟ್ರಿಗೆ ವಹಿಸಿದರು. ಅವರು ಸಹಿ ಹಾಕಿದ್ದರು.

ನಾಲ್ಕೈದು ವರ್ಷದ ಮೇಲೆ ಬೆಳ್ತಂಗಡಿಯ ಬಸ್‌ಸ್ಟ್ಯಾಂಡಿನಲ್ಲಿ ಮಾಸ್ಟ್ರು ಸಿಕ್ಕಿದರು. ಹಣೆಯಲ್ಲಿ ಗಂಧ ಹಾಗೆಯೇ ಇತ್ತು. “ಹೇಗಿದ್ದೀರಿ?” ಎಂದೆ.

“ಆರಾಮ. ನಾಲ್ಕನೇ ಕ್ಲಾಸಿಗೆ ಮಗ್ಗಿ ಹೇಳಿಕೊಡ್ತೇನೆ. ಅದರಲ್ಲಿ ಜಗಳ ಇಲ್ಲ ನೋಡಿ.” ನಕ್ಕು, ಬಳಿಕ ಕೇಳಿದರು: “ಅಲ್ಲಿ ಆ ಕಪಾಟು ಯಾರಾದ್ರೂ ತೆಗೀತಾರಾ?”

ಗೊತ್ತಿಲ್ಲ ಎಂದೆ. ಕ್ಷಮಿಸಿ ಎನ್ನಲು ಬಾಯಿ ತೆರೆದೆ. ಮಳೆ ಚೆನ್ನಾಗಿ ಬಂದಿದೆ ಎಂದೆ. ಅವರು ತೀರಿಕೊಂಡು ಈಗ ಬಹಳ ವರ್ಷವಾಯಿತು.

ಈ ವಾರ ಆ ಹೈಸ್ಕೂಲಿನಿಂದ ಫೋನು ಬಂದಿತ್ತು. ಶಾಲೆಯ ಸ್ಮರಣ ಸಂಚಿಕೆ ತರುತ್ತಿದ್ದಾರೆ. ಹಳೆಯ ಪತ್ರಕರ್ತನೆಂದು ನನ್ನಿಂದ ಲೇಖನ ಕೇಳಿದ್ದರು, ಬರೆದು ಕಳಿಸಿದ್ದೆ. “ಲೇಖನ ಭಾರೀ ಚೆನ್ನಾಗುಂಟು ಸಾರ್” ಎಂದರು ಸಂಚಿಕೆಯ ಯುವ ಸಂಪಾದಕರು. “ಆ ಮೀಟಿಂಗಿನ ಭಾಗ ಒಂದು ಬಿಡುವ. ಮಾಸ್ಟ್ರು ಒಳ್ಳೆಯ ಶಿಕ್ಷಕರಾಗಿದ್ದರು ಅಂತ ಇಡುವ. ಅದು ಸುಳ್ಳೂ ಅಲ್ಲವಲ್ಲ?”

“ಸುಳ್ಳಲ್ಲ” ಎಂದೆ. “ಹಾಕುವುದಾದ್ರೆ ಪೂರ್ತಿ ಹಾಕಿ. ಇಲ್ಲದಿದ್ರೆ ಬೇಡ.”

ಬೇಡ ಎಂದು ನಿರ್ಧರಿಸಿದರು. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಸೃಷ್ಟಿಕರ್ತನಿದ್ದಾನೆಯೇ ಎಂಬ ವಿಷಯದಲ್ಲಿ ನನ್ನ ಸಾಕ್ಷ್ಯಕ್ಕೆ ಬೆಲೆ ಇಲ್ಲ, ನಾನು ಅಲ್ಲಿರಲಿಲ್ಲ. ಬಂಟ್ವಾಳದ ವಾಚನಾಲಯದಲ್ಲಿ ಇದ್ದೆ. ಲೋಕಯ್ಯ ಮಾಸ್ಟ್ರು ಪೂರ್ತಿ ಮಾತು ಹೇಳಿದ್ದರು. ನಾನು ಕೇಳಿದ್ದೆ.