ಹೆಚ್ಚುವ ಹಲಗೆಯ ಅಡಿಯಲ್ಲಿದ್ದ ನಂಬರು

ಕಾನ್ವೆಂಟಿನಲ್ಲಿ ನಮಗೆ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್ ಬಟ್ಟೆಯನ್ನು ಮುಂಭಾಗದಿಂದ ನೋಡುತ್ತಲೇ ಇರಲಿಲ್ಲ. ತಿರುಗಿಸಿ, ಹಿಂದಿನ ಗಂಟುಗಳನ್ನು ನೋಡಿ ಮಾರ್ಕ್ಸ್ ಹಾಕುತ್ತಿದ್ದರು. ಆ ಅಭ್ಯಾಸ ನನಗೆ ಅಂಟಿಕೊಂಡಿದೆ. ನಮ್ಮ ಮನೆಯವರಿಗೆ ಅದು ತಮಾಷೆ. "ಮೊಸರಾಗ ಕಲ್ಲು ಹುಡುಕೋಕೆ ನಿನ್ನ ಬಿಟ್ರೆ ಇಲ್ಲ ನೋಡು" ಅನ್ನುತ್ತಾರೆ.

ಮಗಳು ಶಿಕಾರಿಪುರದಲ್ಲೇ ಮನೆಯಿಂದ ಓಡಾಡಿಕೊಂಡು ಸಿವಿಲ್ ಡಿಪ್ಲೊಮಾ ಮುಗಿಸಿದ್ದಳು. ಪ್ರವೇಶ ಪರೀಕ್ಷೆ ಬರೆದು ಶಿವಮೊಗ್ಗದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಡಿಪ್ಲೊಮಾದ ಓದನ್ನು ಲೆಕ್ಕಕ್ಕೆ ಹಿಡಿದು ಮೊದಲ ವರ್ಷ ಬಿಟ್ಟು ನೇರ ಎರಡನೇ ವರ್ಷಕ್ಕೆ ಸೇರಿಸಿಕೊಳ್ಳುತ್ತಾರೆ. ಗಣಿತದ ಒಂದು ಹೆಚ್ಚುವರಿ ಪಾಠ ಮಾತ್ರ ಮುಗಿಸಬೇಕು. ಆದರೆ ಕೊನೆಯ ದಿನದೊಳಗೆ ಒರಿಜಿನಲ್ ಮಾರ್ಕ್ಸ್ ಕಾರ್ಡುಗಳೊಂದಿಗೆ ಅವಳೇ ಹೋಗಿ ಹಾಜರಾಗದಿದ್ದರೆ ಸೀಟು ಹೋಯಿತು, ಮುಂದಿನ ವರ್ಷ ಮತ್ತೆ ಪರೀಕ್ಷೆ.

ಅದೇ ಹೊತ್ತಿಗೆ ಸೊರಬದಿಂದ ಸಂಬಂಧ ಬಂತು. ಹಾರ್ಡ್‌ವೇರ್ ಅಂಗಡಿಯವರು, ಮಾತು ಬಲು ನಯ. ಹುಡುಗನ ತಾಯಿ ನಮ್ಮ ಮನೆಗೆ ಬಂದಾಗ ಒಂದೇ ಮಾತನ್ನು ಮೂರು ಸಲ ಹೇಳಿದರು: "ಓದಿಸ್ತೀವಿ ರೀ, ನಮ್ಮ ಮನೇಲಿ ಹೆಣ್ಣುಮಕ್ಕಳ ಓದಿಗೆ ಅಡ್ಡಿ ಇಲ್ಲ." ಒಂದು ಸಲ ಹೇಳಿದ್ದರೆ ನಂಬುತ್ತಿದ್ದೆನೋ ಏನೋ.

ಮನೆ ನೋಡಲು ನಾವು ಮೂವರೂ ಶಿರಾಳಕೊಪ್ಪದ ಮೇಲೆ ಬಸ್ಸಿನಲ್ಲಿ ಹೋದೆವು. ಕೇಸರಿಬಾತಿನ ತಟ್ಟೆ ಕೊಡುತ್ತಾ ಆ ತಾಯಿ ಸಹಜವಾಗಿ, "ಕಾಲೇಜಿಗೆ ಸೇರೋಕೆ ಕೊನೇ ದಿನ ಯಾವತ್ತು ಬಂತು?" ಎಂದರು. ನಮ್ಮವರು ಬಾಯಲ್ಲಿ ತುತ್ತಿಟ್ಟುಕೊಂಡೇ "ಬರೋ ಬುಧವಾರ ರೀ" ಅಂದುಬಿಟ್ಟರು. ಆಕೆ ತಲೆಯಾಡಿಸಿ, ಗೋಡೆಯ ಕ್ಯಾಲೆಂಡರಿನ ಕಡೆ ಒಮ್ಮೆ ಕಣ್ಣು ಹಾಯಿಸಿದರು.

ನಾನು ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋದೆ. ಅಲ್ಲಿ ಹಿರಿಸೊಸೆ ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಿದ್ದಳು. ಅವಳ ಮುಂದಿದ್ದ ಹಲಗೆ ಹೆಚ್ಚುವ ಹಲಗೆಯ ಅಳತೆಯದಲ್ಲ, ಕಟ್ಟೆಯ ಅರ್ಧದಷ್ಟಿತ್ತು. ಎಡ ಅಂಚಿಗೆ ಕರಿ ಪಟ್ಟಿ ಕೂರಿಸಿದ್ದರು. ಅಂಥದ್ದೇ ಒಂದು ನಮ್ಮ ಮನೆಯ ಮಂಚದ ಕೆಳಗಿದೆ. ಮಗಳ ಡ್ರಾಯಿಂಗ್ ಬೋರ್ಡ್.

"ಇದು ನಿಂದೇನಮ್ಮ?"

"ಹೌದು ಆಂಟಿ. ನಾನೂ ಡಿಪ್ಲೊಮಾ, ಸಿವಿಲ್ಲೇ. ನಂಗೂ ಸೀಟು ಸಿಕ್ಕಿತ್ತು."

"ಮತ್ತೆ ಸೇರಲಿಲ್ವಾ?"

ಅವಳು ಬಾಗಿಲ ಕಡೆ ನೋಡಿದಳು. "ಕಳಿಸ್ತೀವಿ ಅಂದಿದ್ರು. ನಂಗೇ ಮ್ಯಾಥ್ಸ್ ಹತ್ತಲ್ಲ ಅನ್ನಿಸ್ತು, ಬಿಟ್ಟೆ."

ಅವಳು ಒಲೆಯ ಕಡೆ ತಿರುಗಿದಾಗ ನಾನು ಹಲಗೆಯನ್ನು ಒಂದು ಮೂಲೆಯಲ್ಲಿ ಎತ್ತಿ ಅಡಿಭಾಗ ನೋಡಿದೆ. ಮಾರ್ಕರಿನಲ್ಲಿ ದುಂಡಗೆ ಬರೆದ ರಿಜಿಸ್ಟರ್ ನಂಬರು. ಮೇಲೆಲ್ಲ ಚಾಕುವಿನ ಗೀರು, ಅರಿಶಿನದ ಕಲೆ. ಅಡಿಯಲ್ಲಿ ಒಂದು ಅಕ್ಷರವೂ ಮಾಸಿರಲಿಲ್ಲ. ಗಣಿತ ಹತ್ತುವುದಿಲ್ಲವೆಂದು ಓದು ಬಿಟ್ಟವಳು ತವರಿಂದ ಸೀರೆಗಳ ಜೊತೆ ಇಷ್ಟು ದೊಡ್ಡ ಹಲಗೆಯನ್ನು ಯಾಕೆ ಹೊತ್ತು ತಂದಳು?

ಅಷ್ಟರಲ್ಲಿ ಹುಡುಗನ ತಾಯಿ ಬಂದರು. "ಏನ್ ಮಾತು ನಡೆದದೆ ಇಬ್ರಿಗೂ?"

ಸೊಸೆ ತಟ್ಟನೆ, "ಆಂಟಿ ಚಟ್ನಿಪುಡಿ ಹೇಗ್ ಮಾಡ್ತಾರೆ ಅಂತ ಕೇಳ್ತಿದ್ದೆ ಅತ್ತೆ. ನಂಬರ್ ಕೊಡಿ ಆಂಟಿ, ಆಮೇಲೆ ಕೇಳ್ತೀನಿ" ಅಂದಳು. ಚಟ್ನಿಪುಡಿಯ ಸುದ್ದಿಯನ್ನೇ ನಾವು ಎತ್ತಿರಲಿಲ್ಲ. ನಾನು ಸುಮ್ಮನೆ ನಂಬರು ಹೇಳಿದೆ.

ಮರುದಿನ ಬೆಳಿಗ್ಗೆ ಸೊರಬದಿಂದ ಫೋನು. ನಿಶ್ಚಿತಾರ್ಥಕ್ಕೆ ಒಳ್ಳೆಯ ದಿನ ಸಿಕ್ಕಿದೆಯಂತೆ. ಬುಧವಾರ.

ನಮ್ಮವರು ಫೋನಿಟ್ಟು ಖುಷಿಯಿಂದ ಹೇಳಿದರೆ ನಾನು ಕ್ಯಾಲೆಂಡರ್ ಇಳಿಸಿ ಮೇಜಿನ ಮೇಲಿಟ್ಟೆ. ಶುಕ್ರವಾರಕ್ಕೂ ಮುಹೂರ್ತವಿತ್ತು, ಅದರ ಮುಂದಿನ ಸೋಮವಾರಕ್ಕೂ ಇತ್ತು.

"ನಿಂದೊಂದು ಅನುಮಾನ," ಎಂದರು. "ದಿನ ಕೂಡಿ ಬಂದದ, ಅಷ್ಟ."

"ಹಂಗಾದ್ರೆ ಶುಕ್ರವಾರ ಆಗ್ತದಾ ಕೇಳ್ರಿ."

ಕೇಳಿದರು. ಶುಕ್ರವಾರ ಅವರ ಕಡೆಯ ಹಿರಿಯರೊಬ್ಬರಿಗೆ ಆಗುವುದಿಲ್ಲವಂತೆ. ಸೋಮವಾರವೂ ಆಗುವುದಿಲ್ಲವಂತೆ. "ಸೀಟು ಎಲ್ಲಿ ಹೋಗ್ತದೆ ಬಿಡ್ರಿ, ಮುಂದಿನ ವರ್ಷ ನಾವೇ ಸೇರಿಸ್ತೀವಿ. ಓದಿಸ್ತೀವಿ ರೀ." ಇದು ನಾಲ್ಕನೆಯ ಸಲ.

ಮಗಳು ಬಾಗಿಲಿಗೆ ಒರಗಿ ಕೇಳಿಸಿಕೊಳ್ಳುತ್ತಿದ್ದಳು. "ಅಪ್ಪಾ, ಹುಡುಗ ಚೆನ್ನಾಗೇ ಇದ್ದಾನೆ, ಬೇಕಾದ್ರೆ ಅವನು ಒಂದ್ವರ್ಷ ಕಾಯ್ಲಿ. ಸೀಟು ಕಾಯಲ್ಲ."

ನಮ್ಮವರಿಗೆ ನಗು ಬಂತು, ಆದರೆ ನಗಲಿಲ್ಲ. "ತಾಯಿಗೆ ತಕ್ಕ ಮಗಳು" ಎಂದಷ್ಟೇ ಹೇಳಿ ಪೇಟೆ ಕಡೆ ಹೋದರು. ಸಂಜೆ ಬಂದವರು ಮಾರ್ಕ್ಸ್ ಕಾರ್ಡುಗಳಿಗೆ ಹೊಸ ಫೈಲು ತಂದಿದ್ದರು. ಬುಧವಾರ ನಮಗಾಗುವುದಿಲ್ಲವೆಂದು ಸೊರಬಕ್ಕೂ ಹೇಳಿದ್ದರು.

ಬುಧವಾರ ನಾನೂ ಮಗಳೂ ಶಿವಮೊಗ್ಗದ ಕಾಲೇಜಿನ ಸಾಲಿನಲ್ಲಿ ನಿಂತಿದ್ದೆವು. ಗುಮಾಸ್ತರು ಆರೂ ಸೆಮಿಸ್ಟರಿನ ಕಾರ್ಡುಗಳನ್ನು ಬೆಳಕಿಗೆ ಹಿಡಿದು ನೋಡಿ, ರಿಜಿಸ್ಟರಿನಲ್ಲಿ ಮಗಳ ಸಹಿ ಹಾಕಿಸಿಕೊಂಡರು. ಅವಳು ಸಹಿ ಮಾಡುತ್ತಿರುವಾಗಲೇ ನನ್ನ ಫೋನು ಹೊಡೆದುಕೊಂಡಿತು. ಗೊತ್ತಿಲ್ಲದ ನಂಬರು. ಹಿಂದೆ ಕುಕ್ಕರಿನ ಸೀಟಿ.

"ಆಂಟಿ, ನಾನು ಸೊರಬದಿಂದ. ಡಿಪ್ಲೊಮಾ ಪಾಸಾಗಿ ಆರು ವರ್ಷ ಆಯ್ತು. ಈಗ್ಲೂ ನಡೀತದಾ?"

ಮೊದಲು ನನಗೆ ಅವಳ ಮೇಲೂ ಸಂಶಯ ಬಂತು. ನಾವೆಲ್ಲಿದ್ದೇವೆಂದು ತಿಳಿಯಲು ಅತ್ತೆಯೇ ಮಾಡಿಸಿದ ಫೋನಾಗಿರಬಹುದಲ್ಲ? ಆದರೂ ಗುಮಾಸ್ತರನ್ನು ಕೇಳಿದೆ. "ವರ್ಷದ ಪ್ರಶ್ನೆ ಇಲ್ಲಮ್ಮ. ಪ್ರವೇಶ ಪರೀಕ್ಷೆ ಬರೀಲಿ, ಸೀಟು ಸಿಕ್ರೆ ಬರ್ಲಿ" ಎಂದರು. ಅದನ್ನೇ ಹೇಳಿದೆ.

"ಏನೇನು ಕಾಗದ ಬೇಕು ಅಂತ ಮೆಸೇಜ್ ಹಾಕಲಾ?"

"ಬ್ಯಾಡ ಆಂಟಿ, ಬ್ಯಾಡ. ಈ ಫೋನು ಅತ್ತೆ ಹತ್ರನೂ ಇರ್ತದೆ. ನಾನೇ ಮಾಡ್ತೀನಿ." ಕುಕ್ಕರ್ ಇನ್ನೊಂದು ಸೀಟಿ ಹಾಕಿತು. ಅವಳ ದನಿ ಒಮ್ಮೆಲೇ ಜೋರಾಯಿತು. "ಹ್ಞೂಂ ಆಂಟಿ, ಹುರಿಗಡಲೆ ಎಷ್ಟು ಅಂದ್ರಿ?"

"ಎರಡು ಬಟ್ಟಲು," ಎಂದೆ. ಲೈನು ಕಡಿಯಿತು.

ಸೊರಬದವರಿಗೆ ನಮ್ಮವರು, ಸೀಟು ತಗೊಂಡಾಯ್ತು, ಓದು ಮುಗಿದ ಮೇಲೆ ಮಾತಾಡೋಣ ಎಂದು ತಿಳಿಸಿದರು. ಅವರು ಮತ್ತೆ ಫೋನ್ ಮಾಡಲಿಲ್ಲ. ಬೇಕಾದ ಕಾಗದಗಳ ಪಟ್ಟಿಯನ್ನು ಬರೆದು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ್ದೇನೆ. ಆ ಸೊಸೆಯೂ ಇನ್ನೂ ಫೋನ್ ಮಾಡಿಲ್ಲ. ಅಡುಗೆ ಮಾಡುವಾಗ ಫೋನನ್ನು ಈಗ ಕೈಗೆಟಕುವ ಹಾಗೆ ಕಟ್ಟೆಯ ಮೇಲೇ ಇಟ್ಟುಕೊಳ್ಳುತ್ತೇನೆ.