ಇಟ್ಟಿಗೆ ಹೊರಲು ವಿಮಾನದಲ್ಲಿ ಬಂದವರು

ತಮ್ಮ ಖರ್ಚಿನಲ್ಲಿ ವಿಮಾನದ ಟಿಕೇಟು ತೆಗೆದು, ನೌಕರಿಗೆ ರಜೆ ಹಾಕಿ, ಸಮುದ್ರ ದಾಟಿ ಇಟ್ಟಿಗೆ ಹೊರುವುದಕ್ಕೆಂದೇ ಬರುವ ಜನ ಇದ್ದಾರೆ ಎಂದು ಬೆಟಗೇರಿಯಲ್ಲಿ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ನಮ್ಮ ಕಡೆ ಇಟ್ಟಿಗೆ ಹೊರುವುದು ತಪ್ಪಿದರೆ ಸಾಕು ಎಂದು ಮಕ್ಕಳನ್ನು ಶಾಲೆಗೆ ಕಳಿಸುತ್ತಾರೆ. ಆದರೆ ಹೋದ ವರ್ಷ ಜನವರಿಯ ಒಂದು ಸೋಮವಾರ ಬೆಳಿಗ್ಗೆ, ಪುಣೆಯ ಭೋಸರಿಯಲ್ಲಿ, ನಮ್ಮ ಸಭೆಯವರು ಕಟ್ಟಿಸುತ್ತಿದ್ದ ಚರ್ಚಿನ ಜಾಗದಲ್ಲಿ, ನ್ಯೂಜಿಲೆಂಡಿನ ಎಂಟು ಮಂದಿ ಹಳದಿ ಹೆಲ್ಮೆಟ್ಟು, ಹೊಚ್ಚಹೊಸ ಕೈಗವಸು ಹಾಕಿಕೊಂಡು ಇಟ್ಟಿಗೆಯ ರಾಶಿಯ ಮುಂದೆ ಸಾಲಾಗಿ ನಿಂತು, "ಎಲ್ಲಿಂದ ಶುರು ಮಾಡೋಣ?" ಎಂದು ನನ್ನನ್ನು ಕೇಳಿದರು. ದಿನಾಲೂ ಅದೇ ಇಟ್ಟಿಗೆ ಹೊರುತ್ತಿದ್ದ ನಾಲ್ವರು ಹೆಂಗಸರು ಬೇವಿನ ಮರದ ಕೆಳಗೆ ಕುಳಿತು ಅವರನ್ನು ನೋಡುತ್ತಿದ್ದರು. ಆ ನಾಲ್ವರನ್ನು ಕೆಲಸವಿಲ್ಲದೆ ಅಲ್ಲಿ ಕೂಡಿಸಿದವಳು ನಾನು.

ನಾನು ಗದಗ-ಬೆಟಗೇರಿಯ ಕ್ರೈಸ್ತರ ಮನೆಯವಳು. ಹದಿನಾರು ವರ್ಷ ಅಲ್ಲಿನ ಕನ್ನಡ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದೆ. ನಮ್ಮ ಕಡೆ ಪಾಠ ಹೇಳುವ ಹೆಂಗಸಿಗೆ ಅಕ್ಕೋರು ಅನ್ನುತ್ತಾರಲ್ಲ, ಊರೆಲ್ಲ ನನ್ನನ್ನು ಹಾಗೇ ಕರೆಯುತ್ತಿತ್ತು. ನಮ್ಮನೆಯವರಿಗೆ ಭೋಸರಿಯ ಒಂದು ಕಾರ್ಖಾನೆಯಲ್ಲಿ ಸ್ಟೋರು ನೋಡಿಕೊಳ್ಳುವ ಕೆಲಸ ಸಿಕ್ಕಾಗ ಶಾಲೆ ಬಿಟ್ಟು ಅವರ ಹಿಂದೆ ಬಂದೆ. ಈಗ ನಾಲ್ಕು ವರ್ಷವಾಯಿತು.

ಪುಣೆ ನನಗೆ ಮೊದಲು ಕಲಿಸಿದ್ದು ಎರಡು ಶಬ್ದ: "ಜಮಣಾರ ನಾಹಿ." ಹೊಂದುವುದಿಲ್ಲ, ಆಗುವುದಿಲ್ಲ ಎಂದು ಅರ್ಥ. ಬಾಡಿಗೆ ಮನೆ ನೋಡಲು ಹೋದ ಮೊದಲ ಬಾಗಿಲಲ್ಲೇ ಒಬ್ಬ ಹೆಂಗಸು, "ಮಾಂಸ ಮಾಡ್ತೀರಾ?" ಎಂದು ಕೇಳಿದರು. ಭಾನುವಾರ ಮಾಡುತ್ತೇವೆ ಎಂದೆ. "ಜಮಣಾರ ನಾಹಿ" ಎಂದು ಬಾಗಿಲು ಹಾಕಿಕೊಂಡರು. ಕೊನೆಗೆ ಮನೆ ಕೊಟ್ಟ ಕಾಕೂ, ಅಂದರೆ ನಮ್ಮ ಮನೆಯೊಡತಿ, ಕೀಲಿಕೈ ಕೊಡುವಾಗಲೇ ನೀರು ಬೆಳಿಗ್ಗೆ ಒಂದೇ ತಾಸು, ಗೋಡೆಗೆ ಮೊಳೆ ಹೊಡೆಯಬಾರದು, ಸಂಜೆ ತಾನು ಧಾರಾವಾಹಿ ನೋಡುವಾಗ ಮಾತಾಡಿಸಲು ಬರಬಾರದು ಎಂದು ಒಪ್ಪಿಸಿಬಿಟ್ಟರು. ಸ್ನೇಹವಾಗಲಿ ಎಂದು ಚಹಾ ಮಾಡಿಕೊಂಡು ಒಯ್ದರೆ ಒಂದು ಗುಟುಕು ಕುಡಿದು, ಇಷ್ಟು ಸಕ್ಕರೆ ಹಾಕಿದರೆ ನನಗೆ ಬೇಡ ಎಂದು ಲೋಟ ವಾಪಸು ಕೊಟ್ಟರು. ನಾನು ಮನೆಗೆ ಬಂದು ಅತ್ತುಬಿಟ್ಟೆ.

ನಮ್ಮ ಊರಲ್ಲಿ ಹೀಗೆ ಯಾರೂ ಮಾಡುವುದಿಲ್ಲ. ಮನೆ ಕೊಡುವ ಮನಸ್ಸಿಲ್ಲದಿದ್ದರೂ ಒಳಗೆ ಕರೆದು, ಚಹಾ ಕೊಟ್ಟು, ಗುರುತಿನವರ ಕ್ಷೇಮ ವಿಚಾರಿಸಿ, "ನೋಡೂಣ್ರಿ, ತಿಳಸ್ತೀವಿ" ಅನ್ನುತ್ತಾರೆ. ಎಂಟು ದಿನ ಸುದ್ದಿ ಬರದಿದ್ದರೆ ನಾವೇ ತಿಳಿದುಕೊಳ್ಳಬೇಕು. ಇದ್ದದ್ದು ಇದ್ದಂಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಎಂಬ ಗಾದೆಯನ್ನು ಕುಡಿದೇ ಬೆಳೆದವರು ನಾವು. ಪುಣೆಯವರ ನಾಲಿಗೆಗೆ ಎಲುಬಿದೆ, ನಮ್ಮವರ ಮಾತು ಬೆಣ್ಣೆ ಎಂದು ಅಕ್ಕನಿಗೆ ಫೋನು ಮಾಡಿದಾಗಲೆಲ್ಲ ಹೇಳುತ್ತಿದ್ದೆ.

ನಮ್ಮನೆಯವರು ಕಾರ್ಖಾನೆಗೆ ಹೋದ ಮೇಲೆ ದಿನವಿಡೀ ಕಿವಿಗೆ ಬೀಳುತ್ತಿದ್ದದ್ದು ಪಕ್ಕದ ಶೆಡ್ಡಿನ ಪ್ರೆಸ್ ಮಶೀನಿನ ಸದ್ದು ಒಂದೇ. ಕನ್ನಡ ಕೇಳದೆ ವಾರಗಳು ಹೋಗುತ್ತಿದ್ದವು. ಒಂದು ದಿನ ಸಂತೆಯಲ್ಲಿ ಪುಂಡಿಪಲ್ಯಕ್ಕಾಗಿ ಕೈಸನ್ನೆ, ಬಾಯಿಸನ್ನೆ ಎಲ್ಲ ಮಾಡಿ ಸೋತು ನಿಂತಿದ್ದೆ. ಹಿಂದಿನಿಂದ ಯಾರೋ, "ಅಂಬಾಡಿ ಅನ್ರಿ, ಕೊಡ್ತಾನ" ಅಂದರು. ತಿರುಗಿ ನೋಡಿದರೆ ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟ, ಕೂದಲಲ್ಲಿ ಸಿಮೆಂಟಿನ ಧೂಳು ಕೂತ ಒಬ್ಬ ಹೆಂಗಸು. ಆಕೆಯೇ ಭೀಮವ್ವ. ಶಹಾಪುರದ ಕಡೆಯವಳು, ಕಟ್ಟಡದ ಕೆಲಸಕ್ಕೆಂದು ಬಂದು ಪುಣೆಯಲ್ಲಿ ಹನ್ನೆರಡು ವರ್ಷ ಕಳೆದವಳು. ಯಾವ ಬಸ್ಸು ಎಲ್ಲಿಗೆ ಹೋಗುತ್ತದೆ, ಬಿಳಿಜೋಳ ಯಾವ ಅಂಗಡಿಯಲ್ಲಿ ಚೆನ್ನಾಗಿರುತ್ತದೆ, ಕಾಕೂ ಸಿಟ್ಟಿನಲ್ಲಿ ಮಾತಾಡುತ್ತಾರೋ ಅಥವಾ ಅವರ ಮಾತೇ ಹಾಗೋ, ಎಲ್ಲವನ್ನೂ ನನಗೆ ಹೇಳಿಕೊಟ್ಟವಳು ಆಕೆ. ಹದಿನಾರು ವರ್ಷ ಪಾಠ ಹೇಳಿದ ನಾನು ಶಾಲೆಯ ಮೆಟ್ಟಿಲು ಹತ್ತದವಳ ಹತ್ತಿರ ಪುಣೆಯ ಒಂದನೇ ಇಯತ್ತೆ ಕಲಿತೆ. ನಮ್ಮೂರ ರೂಢಿ ಗೊತ್ತಾದ ಮೇಲೆ ಆಕೆಯೂ ನನ್ನನ್ನು ಅಕ್ಕೋರ ಎಂದೇ ಕರೆಯತೊಡಗಿದಳು.

ಭೋಸರಿಯಲ್ಲಿ ನಮ್ಮ ಕನ್ನಡ ಸಭೆ ಚಿಕ್ಕದು. ಬೀದರ, ಸೊಲ್ಲಾಪುರ, ಗದಗದ ಕಡೆಯ ಮೂವತ್ತು ಮೂವತ್ತೈದು ಮನೆ. ಮರಾಠಿ ಸಭೆಯವರ ಆರಾಧನೆ ಮುಗಿದ ಮೇಲೆ, ಮಧ್ಯಾಹ್ನ ಮೂರಕ್ಕೆ, ಅವರದೇ ಚರ್ಚಿನಲ್ಲಿ ನಾವು ಸೇರುತ್ತಿದ್ದೆವು. ಬಹಳ ವರ್ಷ ಕೂಡಿಟ್ಟು ಒಂದು ತುಂಡು ಜಾಗ ಕೊಂಡು, ಸ್ವಂತದ್ದೊಂದು ಕಟ್ಟಲು ಹೊರಟೆವು. ಕೆಲಸ ಶುರುವಾದಾಗ ಇಟ್ಟಿಗೆ, ಕಲಸಿದ ಸಿಮೆಂಟಿನ ಮಾಲು ಹೊರಲು ಭೀಮವ್ವನನ್ನೂ ಆಕೆಯ ಜೊತೆಯ ಮೂವರನ್ನೂ ನಾನೇ ಕರೆತಂದೆ. ಅದೇ ಹೊತ್ತಿಗೆ ಅವರ ಮುಕಾದಮ, ಅಂದರೆ ಕೂಲಿಯಾಳುಗಳನ್ನು ಕೂಡಿಸುವವನು, ಮೋಶಿಯ ದೊಡ್ಡ ಕಟ್ಟಡಕ್ಕೆ ಕರೆದಿದ್ದ. "ಗೋಡೆ ಮುಗಿಯೂತನಕ ಇಲ್ಲಿ ಕೆಲಸ ನಿಮ್ಮದೇ, ಬ್ಯಾರೆ ಕಡೆ ಹೋಗಬ್ಯಾಡ ಭೀಮವ್ವ" ಎಂದೆ. "ನೀವು ಅಂದ್ರಲ್ಲ, ಆತು ಬಿಡ್ರಿ" ಎಂದು ಮುಕಾದಮನಿಗೆ ಬರುವುದಿಲ್ಲ ಎಂದು ಹೇಳಿಬಂದಳು.

ಗೋಡೆ ಸೊಂಟದ ಮಟ್ಟಕ್ಕೆ ಬಂದಿದ್ದಾಗ ನ್ಯೂಜಿಲೆಂಡಿನಿಂದ ಪತ್ರ ಬಂತು. ಅಲ್ಲಿನ ಒಂದು ಸಣ್ಣ ಊರಿನ ಸಭೆಯವರು, ನಾವು ಎಂಟು ಜನ ಬಂದು ಹನ್ನೆರಡು ದಿನ ಕೈಯಾರೆ ದುಡಿದು ನಿಮ್ಮ ಚರ್ಚು ಕಟ್ಟಲು ನೆರವಾಗುತ್ತೇವೆ ಎಂದು ಬರೆದಿದ್ದರು. ನಮ್ಮವರಿಗೆ ಆಕಾಶ ಮೂರೇ ಗೇಣು. ಅವರು ಬರುವುದಕ್ಕೆ ಮುಂಚಿನ ಬುಧವಾರದ ಕೂಟದಲ್ಲಿ ನಮ್ಮ ಸಭೆಯ ಕಾರ್ಯದರ್ಶಿಗಳು ಲೆಕ್ಕ ಸರಳ ಮಾಡಿದರು: "ಅವರು ಬರೂದ ಇಟ್ಟಂಗಿ ಹೊರಲಿಕ್ಕೆ. ನಮ್ಮ ಹೆಣ್ಣಾಳೂ ಹೊತ್ರ ಅವರೇನು ಕೈಕಟ್ಟಿ ನಿಲ್ಲಬೇಕೇನು? ಹನ್ನೆರಡ ದಿನ ಆಳು ಬ್ಯಾಡಂತ ಹೇಳಿಬಿಡ್ರಿ ಅಕ್ಕೋರ." ಭೀಮವ್ವನಿಗೆ ಕೊಟ್ಟ ಮಾತು ನೆನಪಾಯಿತು. ಬಾಯಿ ಮಾತ್ರ, "ನೋಡೂಣ್ರಿ" ಅಂದಿತು.

ಗುರುವಾರ ಹೇಳೋಣವೆಂದುಕೊಂಡೆ, ಶುಕ್ರವಾರಕ್ಕೆ ಹೋಯಿತು. ಶನಿವಾರ ಕೆಲಸ ಬಿಡುವಾಗ ಬೇಕೆಂದೇ ಅಡುಗೆಯ ಸಾಮಾನು ತರಲು ಪೇಟೆಗೆ ಹೋದೆ. ಭಾನುವಾರ ಸಂಜೆ ಭೀಮವ್ವ ತಾನಾಗಿಯೇ ಮನೆಗೆ ಬಂದಳು. ಚಹಾ ಕುಡಿದೆವು. ಆಕೆಯ ಮಗಳ ಕೆಮ್ಮಿನ ಬಗ್ಗೆ ಮಾತಾಡಿದೆವು. ವಿದೇಶದವರು ಬರುತ್ತಾರೆ ಎಂದಷ್ಟೇ ಹೇಳಿದೆ. "ಬರ್ಲಿ ಬಿಡ್ರಿ, ಚಲೋ ಆತು" ಎಂದು ಆಕೆ ಎದ್ದಳು. ಬಾಗಿಲ ತನಕ ಹೋಗಿ ಕೈಬೀಸಿದೆ, ಹೇಳಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಜಾಣತನ ನನ್ನದು.

ಸೋಮವಾರ ಎಂಟಕ್ಕೆ ನಾಲ್ವರೂ ಪುಟ್ಟಿ ಹಿಡಿದುಕೊಂಡು ಬಂದರು. ಆಗ ಹೇಳಿದೆ. ಭೀಮವ್ವ ನನ್ನ ಮುಖ ನೋಡಿದಳು, ಆಮೇಲೆ ಬಿಸಿಲು ನೋಡಿದಳು. ಕೂಲಿಯವರು ಕೆಲಸಕ್ಕಾಗಿ ನಿಲ್ಲುವ ನಾಕಾದಲ್ಲಿ ಏಳೂವರೆಗೆಲ್ಲ ಜನ ಖಾಲಿ. ಆ ದಿನ ಬೇರೆಲ್ಲೂ ಕೆಲಸ ಸಿಗುವುದಿಲ್ಲ. ನಾಲ್ವರೂ ಮರದ ಕೆಳಗೆ ಹೋಗಿ ಕುಳಿತರು.

ಬಂದವರು ಒಳ್ಳೆಯ ಜನ. ಅದರಲ್ಲೂ ಹೆಲೆನ್ ಎಂಬಾಕೆ, ಅರವತ್ತು ದಾಟಿದವರು, ಊರಲ್ಲಿ ಇನ್ನೂರು ಹಸು ಸಾಕಿದವರು, ಬಿಸಿಲಿಗೆ ಮುಖವೆಲ್ಲ ಕೆಂಪಾದರೂ ನಿಲ್ಲುತ್ತಿರಲಿಲ್ಲ. ಆದರೆ ಎದೆಗವುಚಿಕೊಂಡು ಒಂದು ಸಲಕ್ಕೆ ನಾಲ್ಕು ಇಟ್ಟಿಗೆ ಒಯ್ದರೆ ಗೋಡೆ ಯಾವಾಗ ಏಳಬೇಕು? ಇಟ್ಟಿಗೆ ಕಟ್ಟುವ ಗೌಂಡಿ, ಸಾಸವಡದ ಕಡೆಯವನು, ಗೋಡೆಯ ಮೇಲೆ ಕುಳಿತು, ಇವರು ಕೆಲಸಕ್ಕೆ ಬಂದಿದ್ದಾರೋ ಫೋಟೋಕ್ಕೆ ಬಂದಿದ್ದಾರೋ ಎಂದು ಮರಾಠಿಯಲ್ಲಿ ಗಟ್ಟಿಯಾಗಿಯೇ ಕೇಳಿದ. ಹೆಲೆನ್‌ಗೆ ಅನುವಾದ ಬೇಕಿತ್ತು. "ನಿಮ್ಮ ಕೆಲಸ ಮೆಚ್ಚಿಕೊಂಡ" ಎಂದೆ.

ಹತ್ತರ ಸುಮಾರಿಗೆ ಹೆಲೆನ್ ಕೈಯಿಂದ ಇಟ್ಟಿಗೆ ಜಾರಿ ಕಾಲ ಪಕ್ಕ ಬಿತ್ತು. ಭೀಮವ್ವನಿಗೆ ತಡೆಯಲಾಗಲಿಲ್ಲ. ಎದ್ದು ಬಂದು, ತನ್ನ ತಲೆವಸ್ತ್ರ ಸುತ್ತಿ ಸಿಂಬಿ ಮಾಡಿ, ಹೆಲೆನ್ ಹೆಲ್ಮೆಟ್ಟು ತೆಗೆಸಿ ತಲೆಯ ಮೇಲಿಟ್ಟು, ಅದರ ಮೇಲೊಂದು ಹಲಗೆ, ಹಲಗೆಯ ಮೇಲೆ ಆರು ಇಟ್ಟಿಗೆ ಜೋಡಿಸಿದಳು. "ಕುತ್ತಿಗಿ ಸೆಟಸ್ಬ್ಯಾಡವ್ವ, ಮುಂದ ನೋಡ" ಎಂದು ಕನ್ನಡದಲ್ಲೇ ಹೇಳಿದಳು. ಹೆಲೆನ್ ಹತ್ತು ಹೆಜ್ಜೆ ನಡೆದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಸಂತೋಷದಲ್ಲಿ ಹೆಲೆನ್ ನನ್ನತ್ತ ತಿರುಗಿ, "ಎಷ್ಟು ಚೆನ್ನಾಗಿ ಬಲ್ಲಳು! ಈಕೆ ಇಲ್ಲಿ ಏನು ಮಾಡುತ್ತಾಳೆ?" ಎಂದು ಕೇಳಿದರು. ಕಾರ್ಯದರ್ಶಿಗಳು ಪಕ್ಕದಲ್ಲೇ ನಿಂತಿದ್ದರು. "ಇಲ್ಲೇ ಹತ್ತಿರ ಇರುತ್ತಾಳೆ" ಎಂದೆ.

ಭೀಮವ್ವನಿಗೆ ಇಂಗ್ಲಿಷ್ ಬಾರದು, ಮುಖ ಓದಲು ಬರುತ್ತದೆ. "ನಾ ಯಾರಂತ ಕೇಳಿದ್ಲಲ್ಲ? ಏನಂದ್ರಿ ಅಕ್ಕೋರ?" ಎಂದಳು.

"ಇಲ್ಲೇ ಸಮೀಪ ಇರ್ತಾಳ ಅಂದೆ."

"ಖರೇನೇ ಅದ ಬಿಡ್ರಿ" ಎಂದು ಸಿಂಬಿಯನ್ನು ಹೆಲೆನ್ ತಲೆಯ ಮೇಲೆಯೇ ಬಿಟ್ಟು ಹೋದಳು. ಮರುದಿನ ಮರದ ಕೆಳಗೆ ಯಾರೂ ಇರಲಿಲ್ಲ.

ಆ ದಿನ ನಾನು ಊಟ ಮಾಡಲಿಲ್ಲ. ಪುಣೆಯಲ್ಲಿ ನನಗೆ ಮೊದಲು ಸಿಕ್ಕ ಗೆಳತಿಯನ್ನು ನನ್ನದೇ ದೇವರ ಮನೆಯ ಅಂಗಳದಿಂದ ಕಳಿಸಿದ್ದೆ. ಬುಧವಾರ ಬೆಳಿಗ್ಗೆ ಪ್ರಾರ್ಥನೆಗೆ ಎಲ್ಲರೂ ಸೇರಿದಾಗ ಎದ್ದು ನಿಂತು ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿಬಿಟ್ಟೆ. ಸೋಮವಾರ ಸಿಂಬಿ ಮಾಡಿಕೊಟ್ಟವಳು ಈ ಗೋಡೆಯ ಕೂಲಿಯವಳು. ನೀವು ಬಂದದ್ದರಿಂದ ಆ ನಾಲ್ವರಿಗೆ ಹನ್ನೆರಡು ದಿನ ಕೆಲಸವಿಲ್ಲ. ಕೆಲಸ ಇರುತ್ತದೆ ಎಂದು ಮಾತು ಕೊಟ್ಟವಳು ನಾನು. ಕೊನೆಗೆ ಗೌಂಡಿ ಏನಂದಿದ್ದ ಎಂಬುದನ್ನೂ ಹೇಳಿದೆ. ಹೆಲೆನ್ ಇಟ್ಟಿಗೆಯ ರಾಶಿಯ ಮೇಲೆ ಕುಳಿತು ಕೈಗವಸು ಕಳಚಿದರು. "ನಮಗೆ ಯಾರೂ ಹೇಳಲಿಲ್ಲ" ಎಂದರು. ಅವರಲ್ಲೊಬ್ಬ ಗಂಡಸು, ಇಂಥದೊಂದು ಕೆಲಸಕ್ಕೆ ಹೋಗಬೇಕೆಂದು ಎರಡು ವರ್ಷ ಹಣ ಕೂಡಿಟ್ಟು ಬಂದಿದ್ದೇವೆ, ಸುಮ್ಮನೆ ಕೂರಬೇಕೇ ಎಂದು ಬೇಸರಪಟ್ಟುಕೊಂಡ. ಅದೂ ಸುಳ್ಳಲ್ಲ.

"ಅತಿಥಿಗಳ ಮುಂದ ಮರ್ಯಾದಿ ತಗದ್ರಿ ಅಕ್ಕೋರ" ಎಂದರು ಕಾರ್ಯದರ್ಶಿಗಳು. ನಮ್ಮ ಸಭಾಪಾಲಕರಾದ ಅಯ್ಯನವರು, "ಆಕಿ ಹೇಳಿದ್ದು ಖರೇ ಅದ. ನಡೀರಿ, ಆ ಹೆಣ್ಣುಮಗಳ ಮನಿ ತೋರಸ್ರಿ" ಎಂದರು.

ಕಾರ್ಖಾನೆಗಳ ಹಿಂದಿನ ತಗಡಿನ ಶೆಡ್ಡಿನಲ್ಲಿ ಭೀಮವ್ವ ಅಕ್ಕಿ ಆರಿಸುತ್ತ ಕುಳಿತಿದ್ದಳು. ಎರಡು ದಿನದಿಂದ ನಾಕಾದಲ್ಲಿ ಕೆಲಸ ಸಿಕ್ಕಿರಲಿಲ್ಲ. ಮೋಶಿಯಲ್ಲಿ ಜಾಗ ತುಂಬಿತ್ತು. ಅಯ್ಯನವರಿಗೆ ಚಾಪೆ ಹಾಸಿದಳು. ನಾನು ತಪ್ಪಾಯಿತು ಎಂದೆ.

"ಆ ಬಿಳಿ ಅವ್ವಗ ಹೇಳಲಿಲ್ಲಂತ ನನಗ ಸಿಟ್ಟಿಲ್ರಿ. ಐತವಾರ ನಿಮ್ಮ ಮನ್ಯಾಗ ಚಹಾ ಕುಡದ್ವಿ. ಒಂದ ಮಾತು ಅಂದಿದ್ರ ಮುಂಜಾನೆ ನಾಕಾಕ್ಕ ಹೋಗ್ತಿದ್ವಿ. ಇಲ್ಲಿ ಮಂದಿ ಬ್ಯಾಡಾದ್ರ ಮಾರಿ ಮ್ಯಾಲ ಬ್ಯಾಡ ಅಂತಾರ. ಕೇಳಿ ಹಾದಿ ಹಿಡೀತೀವಿ. ನಮ್ಮವರ ನೋಡ್ರಿ, ನಕ್ಕೋತ ಕೂಡಸ್ತಾರ."

ಅಯ್ಯನವರು ನಾಳೆಯಿಂದ ಬರಬೇಕು ಎಂದು ಕೇಳಿಕೊಂಡರು. ಆಕೆ ಅವರನ್ನೇ ನೋಡುತ್ತ ಹೇಳಿದಳು: "ಬರ್ತೀವ್ರಿ. ನೀವು ಹೇಳಿದ್ರಿ ಅಂತ ಬರ್ತೀವಿ. ಅಕ್ಕೋರ ಮಾತಿನ ಮ್ಯಾಲ ಅಲ್ರಿ."

ಉಳಿದ ದಿನ ಗೋಡೆ ಭರದಿಂದ ಎದ್ದಿತು. ಮುಂದೆ ನಾಲ್ವರು ಹೊರುತ್ತಿದ್ದರು, ಹಿಂದೆ ಪರದೇಶದವರು ಎತ್ತಿಕೊಡುತ್ತಿದ್ದರು, ಹೆಲೆನ್ ಭೀಮವ್ವನ ಕೈಸನ್ನೆಗೆ ಕಾಯುತ್ತಿದ್ದರು. ಮಧ್ಯಾಹ್ನ ಎಲ್ಲರಿಗೂ ಖಾರವಿಲ್ಲದ ಉಪ್ಪಿಟ್ಟು. ನಮ್ಮವರು ಮೇಲೆ ಶೇಂಗಾ ಚಟ್ನಿ ಸುರಿದುಕೊಳ್ಳುತ್ತಿದ್ದರು. ಈಸ್ಟರ್ ಹೊತ್ತಿಗೆ ಚರ್ಚಿನ ಪ್ರತಿಷ್ಠೆಯಾಯಿತು. ನಮ್ಮದೇ ಸೂರಿನ ಕೆಳಗೆ, ಮಧ್ಯಾಹ್ನದ ಬದಲು ಬೆಳಿಗ್ಗೆ, ಕನ್ನಡದಲ್ಲಿ ಹಾಡಿದಾಗ ಕಣ್ಣು ತುಂಬಿ ಬಂತು. ಭೀಮವ್ವ ಬಂದು ಬಾಗಿಲಲ್ಲಿ ನಿಂತು ನೋಡಿ ಹೋದಳು. ಸಂತೆಯಲ್ಲಿ ಸಿಕ್ಕರೆ ನಗುತ್ತಿದ್ದಳು, ಮಾತಾಡುತ್ತಿದ್ದಳು. ಆದರೆ ಗೋಡೆಗೆ ಸಿಮೆಂಟು ಮೆತ್ತುವ ಗಿಲಾವಿನ ಕೆಲಸ ಇದೆಯೇ ಎಂದು ಕೇಳಲು ಹೋದದ್ದು ಅಯ್ಯನವರ ಹತ್ತಿರ.

ಜೂನಿನಲ್ಲಿ ಒಂದು ಸಂಜೆ ಆಕೆ ಮನೆಗೆ ಬಂದಳು. ಬಾಗಿಲಲ್ಲೇ ನಿಂತಳು. ಮಗಳನ್ನು ಎಂಟನೇ ಇಯತ್ತೆಗೆ ಬೇರೆ ಶಾಲೆಗೆ ಹಾಕಬೇಕಿತ್ತು, ಅಲ್ಲಿಯ ದೊಡ್ಡ ಬಾಯಿಯವರು, ಅಂದರೆ ಮುಖ್ಯೋಪಾಧ್ಯಾಯಿನಿ, ಕಾಗದಪತ್ರ ಕೇಳುತ್ತಾರೆ, ಸೋಮವಾರ ಜೊತೆಗೆ ಬರಲು ಆಗುತ್ತದೆಯೇ ಎಂದು ಕೇಳಿದಳು. "ಆಗತದೋ ಇಲ್ಲೋ, ಈಗ ಹೇಳಿಬಿಡ್ರಿ."

ಆ ವಾರ ಬೆಟಗೇರಿಯಲ್ಲಿ ತಮ್ಮನ ಮಗಳ ಮದುವೆ. ನೋಡೋಣ ಎಂಬ ಮಾತು ತುಟಿಯ ತನಕ ಬಂದಿತ್ತು.

"ಆಗೂದಿಲ್ಲ ಭೀಮವ್ವ. ಊರಾಗ ಮದುವಿ ಅದ. ಗುರುವಾರ ಹೊಂಟು ಬರ್ತೀನಿ. ಶುಕ್ರವಾರ ಮುಂಜಾನೆ ಹೋಗೂಣು."

ಆಕೆ ಚಪ್ಪಲಿ ಬಿಟ್ಟು ಒಳಗೆ ಬಂದು ಕುಳಿತಳು. "ಹಂಗಾರ ಶುಕ್ರವಾರ ನಾಕಾಕ್ಕ ಹೋಗಂಗಿಲ್ಲ. ಕಾಯ್ತೀನಿ" ಎಂದಳು.

ಮದುವೆ ಮುಗಿದ ಮೇಲೆ ಎಲ್ಲರೂ ಇನ್ನೆಂಟು ದಿನ ಇರು ಎಂದು ಹಿಡಿದರು. ಅಕ್ಕ ಬ್ಯಾಗು ಒಳಗೆ ಒಯ್ದು ಬಚ್ಚಿಟ್ಟಳು. "ಆಗೂದಿಲ್ಲ" ಎಂದೆ. "ಪುಣೆಗೆ ಹೋಗಿ ಭಾಳ ಖಡಕ್ ಆಗ್ಯಾಳ" ಎಂದು ಚಿಕ್ಕಮ್ಮ ಮುಖ ತಿರುಗಿಸಿದರು. ಗುರುವಾರ ಬಸ್ಸು ಹುಬ್ಬಳ್ಳಿ ದಾಟುವ ತನಕ ಅಳುತ್ತಲೇ ಇದ್ದೆ. ಊರು ಬಿಡುವ ದುಃಖ ನಾಲ್ಕು ವರ್ಷದಲ್ಲಿ ಒಂದಿಷ್ಟೂ ಕಡಿಮೆಯಾಗಿಲ್ಲ. ಆದರೂ ಇಳಿದು ಹಿಂದಕ್ಕೆ ಹೋಗುವಂತಿರಲಿಲ್ಲ. ಬೆಳಗಾದರೆ ಭೋಸರಿಯಲ್ಲಿ ಒಬ್ಬಳು, ನನ್ನ ಮಾತಿನ ಮೇಲೆ, ಒಂದು ದಿನದ ಕೂಲಿ ಬಿಟ್ಟು ನನಗಾಗಿ ಕಾಯುವವಳಿದ್ದಳು.