ಕಸದ ಚೀಲಕ್ಕೆ ಬೀಳದ ರೊಟ್ಟಿ

ಶಿಮ್ಕೆಂತ್ ನಗರದಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಮಾಲ್‌ನ ಗಾಜಿನ ಚಾವಣಿಯ ಕೆಳಗೆ ತಿರುಗುವ ಕುದುರೆಗಳು, ಡ್ರ್ಯಾಗನ್ ಮೋರೆಯ ಆಟದ ರೈಲು ಎಲ್ಲವೂ ಸುಮ್ಮನೆ ನಿಂತಿವೆ. ಇಲ್ಲಿ ಕಸ ಗುಡಿಸುವ ಹಿರಿಯಾಕೆ ಉಲ್ಬೋಸಿನ್ ಮಂಡಿಯೂರಿ, ರೈಲಿನ ಸೀಟಿನ ಸಂದಿಯಿಂದ ಅರ್ಧ ತಿಂದ ರೊಟ್ಟಿಯೊಂದನ್ನು ಹೊರಗೆಳೆಯುತ್ತಾರೆ. ಐಸ್‌ಕ್ರೀಮ್ ಕಡ್ಡಿ, ಕಾಗದದ ಲೋಟ ಕರಿಯ ಚೀಲಕ್ಕೆ. ರೊಟ್ಟಿಯನ್ನು ಮಾತ್ರ ಊದಿ, ಧೂಳು ಕೊಡವಿ, ಸೊಂಟದ ಬಟ್ಟೆಚೀಲಕ್ಕೆ ಹಾಕಿಕೊಳ್ಳುತ್ತಾರೆ.

ಇದೇ ಈಗ ಅವರ ಅಪರಾಧ.

ಹಿಂಬಾಗಿಲ ಕೊಕ್ಕೆಗೆ ಅವರು ತೂಗುಹಾಕುತ್ತಿದ್ದ ಈ ಚೀಲದಿಂದ ರೊಟ್ಟಿಯನ್ನು ದನ ಸಾಕುವವರು ಒಯ್ಯುತ್ತಿದ್ದರು. ರೊಟ್ಟಿಯನ್ನು ಕಸಕ್ಕೆ ಎಸೆಯಬಾರದೆಂದು ಊರಿನ ವಠಾರಗಳ ಕಸದ ತೊಟ್ಟಿಗಳ ಪಕ್ಕದಲ್ಲೆಲ್ಲ ಅಂಥ ಚೀಲ ತೂಗುತ್ತದೆ. ಮಾಲ್‌ನ ಆಡಳಿತಕ್ಕೆ ಮಾತ್ರ ಅದು ಅಸಹ್ಯ. ಕೊಕ್ಕೆ ಕಿತ್ತಾಗಿದೆ. ರೊಟ್ಟಿಯೂ ಕಸದ ಜೊತೆಗೇ ಹೋಗಬೇಕು, ಇಲ್ಲವಾದರೆ ಶನಿವಾರದಿಂದ ಕೆಲಸಕ್ಕೆ ಬರಬೇಕಿಲ್ಲ ಎಂಬ ಆದೇಶವೂ ಬಂದಿದೆ. ಊರೆಲ್ಲ ಕೂತು ತಿನ್ನುವ ಈ ಕಟ್ಟಡದಲ್ಲಿ ಗುಡಿಸುವವರು ಉಣ್ಣುವುದು ಮೆಟ್ಟಿಲ ಕೆಳಗೆ, ನಿಂತುಕೊಂಡು. ಅದು ಯಾರಿಗೂ ಅಸಹ್ಯ ಅನಿಸಿಲ್ಲ!

ಹಿಂದೆ ಇಲ್ಲಿ ಬಜಾರಿತ್ತು. ಉಲ್ಬೋಸಿನ್ ಮತ್ತು ಅವರ ಗಂಡ ತಂದೂರಿನಲ್ಲಿ ರೊಟ್ಟಿ ಸುಟ್ಟು ಮಾರುತ್ತಿದ್ದರು. ಬಜಾರು ಕೆಡವಿದರು, ಗಂಡ ತೀರಿಕೊಂಡರು, ಪೊರಕೆ ಕೈಗೆ ಬಂತು. "ನಮ್ಮ ಒಲೆ ಇದ್ದಿದ್ದು ಆ ಡ್ರ್ಯಾಗನ್ ಬಾಲದ ಹತ್ರ. ಬೆಂಕಿ ನಂದು, ಈಗ ಹೊಗೆ ಬಿಡೋದು ಅದು," ಎಂದು ನಗುತ್ತಾರೆ.

ಅಷ್ಟರಲ್ಲಿ ಮೇಲ್ವಿಚಾರಕ ಯೆರ್ನಾರ್ ಬರುತ್ತಾನೆ. ಹಿರಿಯ ಹೆಂಗಸರನ್ನು ಇಲ್ಲಿ ಎಲ್ಲರೂ ಕರೆಯುವಂತೆ ಅವನೂ ಅವರನ್ನು 'ಅಪಾ' ಎನ್ನುತ್ತಾನೆ.

"ಅಪಾ, ಇನ್ನೂ ಹಠ ಬಿಟ್ಟಿಲ್ವಾ? ಮೇಲಿನವರು ನನ್ನ ತಲೆ ತಿಂತಿದಾರೆ."

"ತಿನ್ನಲಿ ಬಿಡು, ರೊಟ್ಟಿಯಾದ್ರೂ ಉಳೀತದೆ."

"ತಮಾಷೆ ಬೇಡ. ಕಸಕ್ಕೆ ಹಾಕಿ."

"ಕಸ ಬಳಿಯೋಳು ನಾನು, ಮಗಾ. ರೊಟ್ಟಿ ಕಸ ಅಲ್ಲ. ನಿಂಗೆ ಹಾಗನ್ಸಿದ್ರೆ ತಗೋ, ನೀನೇ ಹಾಕು."

ಯೆರ್ನಾರ್ ಸಿಡುಕಿನಿಂದ ಚೀಲ ಕಸಿದುಕೊಂಡು ತೊಟ್ಟಿಯ ಮುಚ್ಚಳ ತೆರೆಯುತ್ತಾನೆ. ಒಂದು ತುಣುಕು ನೆಲಕ್ಕೆ ಬೀಳುತ್ತದೆ. ತಟ್ಟನೆ ಬಗ್ಗಿ ಎತ್ತಿಕೊಂಡವನು ಅದನ್ನು ತುಟಿಗೆ, ಹಣೆಗೆ ಮುಟ್ಟಿಸಿಬಿಡುತ್ತಾನೆ.

"ನಿಮ್ಮಜ್ಜಿ ಚೆನ್ನಾಗೇ ಬೆಳೆಸಿದಾಳೆ ಕಣೋ ನಿನ್ನ!" ಟಿಕೆಟ್ ಗೂಡಿನಿಂದ ರೌಶನ್ ಕೂಗುತ್ತಾಳೆ.

ಅವನ ಕಿವಿ ಕೆಂಪಾಗುತ್ತದೆ. ತುಣುಕನ್ನು ಚೀಲಕ್ಕೆ ಹಾಕಿ, ಚೀಲವನ್ನು ಯಾರ ಕಾಲಿಗೂ ಸಿಗದಂತೆ ಗೂಡಿನ ಮೇಲಿಟ್ಟು ನಡೆದುಬಿಡುತ್ತಾನೆ.

ಆದೇಶ ಮಾತ್ರ ಹಾಗೆಯೇ ಇದೆ. ಅದನ್ನು ಬರೆದವರು ಒಂದು ಬೆಳಿಗ್ಗೆ ಇಲ್ಲಿಗೆ ಬಂದು, ಎಲ್ಲರೆದುರು, ತಮ್ಮ ಕೈಯಾರೆ ರೊಟ್ಟಿಯನ್ನು ತೊಟ್ಟಿಗೆ ಎಸೆದು ತೋರಿಸಲಿ, ನೋಡೋಣ.

ಉಲ್ಬೋಸಿನ್ ಅಷ್ಟನ್ನೂ ಕೇಳುತ್ತಿಲ್ಲ. "ಆ ಕೊಕ್ಕೆ ವಾಪಸ್ ಬಡೀಲಿ, ಸಾಕು. ಇಲ್ಲಾಂದ್ರೆ ಶನಿವಾರ ಪೊರಕೆ ಇಲ್ಲೇ ಇಟ್ಟು ಹೋಗ್ತೀನಿ. ಪೊರಕೆ ಅವರದು. ಚೀಲ ನಂದು, ನನ್ ಜೊತೆ ಬರ್ತದೆ."